ಬೋಳು ತಗಡು

ನನ್ನ ಬಾಯಿ ದೊಡ್ಡದು. ಬೆಟಗೇರಿಯೊಳಗ ನಮ್ಮ ಶೆಡ್ಡಿನ ಮುಂದ ಹಾದು ಹೋಗೂ ಮಂದಿಗೆ ನಾ ಕಾಣೂಕಿಂತ ಮೊದಲ ನನ್ನ ದನಿ ಕೇಳಸತೈತಿ. ಕಾರಿಗೆ ಬಣ್ಣ ಹಚ್ಚೂದು ನನ್ನ ಕಸಬು. ಬಣ್ಣ ಹಚ್ಚೂದು ಅಂತ ಮಂದಿ ಸಲೀಸಾಗಿ ಅಂದು ಬಿಡ್ತಾರ. ಖರೆ ಹೇಳಬೇಕಂದ್ರ ಬಣ್ಣ ಹಚ್ಚೂದು ಕಡೀ ಕೆಲಸ, ಅದ ಭಾಳ ಸಣ್ಣದು. ಅದಕ್ಕೂ ಮೊದಲು ಹಳೇ ಬಣ್ಣ ಕೆರಿಯೂದು, ತುಕ್ಕು ತಗಿಯೂದು, ತಗ್ಗು ಎತ್ತೂದು, ಪ್ರೈಮರ್ ಹೊಡಿಯೂದು, ಆ ಪ್ರೈಮರ್ ಮತ್ತ ತಿಕ್ಕೂದು, ತಿಕ್ಕೂದು, ತಿಕ್ಕೂದು. ನನ್ನ ಹೆಂಡತಿ ಅಂತಿರತಾಳ, "ಮನ್ಯಾಗ ಒಂದ ತಾಟು ಹಿಂಗ ತಿಕ್ಕಿದ್ರ ನನ್ನ ಜನ್ಮ ಸಾರ್ಥಕ ಆಗತಿತ್ತು ನೋಡ್ರಿ."

ಬಣ್ಣ ಪೂರಾ ಕಿತ್ತು ಬರೇ ತಗಡು ಉಳಿದ ಗಾಡಿಗೆ ನಮ್ಮ ಶೆಡ್ಡಿನ್ಯಾಗ ಬೋಳು ಅಂತೀವಿ. ನನಗ ಕಲಿಸಿದ ಉಸ್ತಾದರೂ ಹಂಗ ಅಂತಿದ್ರು. "ಬಾನೆಟ್ ಬೋಳ ಆತೇನಲೇ?", "ಬಾಗಲದ ಅಂಚು ಬೋಳ ಬಿತ್ತು ನೋಡು, ಮತ್ತ ಪ್ರೈಮರ್ ಕೊಡು" ಅಂತ ದಿನಾ ಮುಂಜಾನಿಂದ ಸಂಜೀತನಕ ನಡೀತಿರತೈತಿ. ಈ ಮಾತಿಗೆ ಹೊರಗ ಬ್ಯಾರೆ ಅರ್ಥ ಐತಿ ಅನ್ನೂದು ನಮಗ ಗೊತ್ತಿಲ್ಲಂತಲ್ಲ. ಗಂಡ ಸತ್ತಾಕಿಗೆ ಬೋಳಿ ಅಂತ ಬಯ್ಯೂ ಊರಾಗ ಹುಟ್ಟಿ ಬೆಳದೀವಿ. ಆದ್ರ ಶೆಡ್ಡಿನ್ಯಾಗ ಆ ಮಾತು ತಗಡಿಂದ ಆಗಿಬಿಟ್ಟಿತ್ತು. ಕೇಳಿ ಕೇಳಿ ಕಿವಿ ಮೊಂಡ ಆಗಿದ್ದುವು.

ನಮ್ಮ ಮಗಳನ್ನ ಲಕ್ಷ್ಮೇಶ್ವರಕ್ಕ ಕೊಡೂದು ಅಂತ ಮಾತಾಗಿತ್ತು. ಹುಡುಗ ಛಲೋ ಹುಡುಗ, ಬೀಜ-ಗೊಬ್ಬರದ ಅಂಗಡಿ ನಡಸತಾನ. ಅವರಪ್ಪ ತೀರಿಕೊಂಡು ಕೆಲವು ವರ್ಷ ಆಗಿದ್ದುವು. ಮನ್ಯಾಗ ತಾಯಿ, ಮಗ ಇಬ್ಬರ. ಆ ತಾಯಿ ನಮಗ ಬೀಗತಿ ಆಗೂವಾಕಿ. ಮೆತ್ತಗ ಮಾತಾಡೂ ಹೆಣಮಗಳು, ಹಣಿ ಮ್ಯಾಲ ಇಭೂತಿ, ಯಾರರ ಬಂದ್ರ ಬಾಗಲದ ಮಗ್ಗಲಕ್ಕ ಸರದು ನಿಲ್ಲಾಕಿ. ನಾವು ಮಾತುಕತಿಗೆ ಹೋದಾಗ ನನ್ನ ಹೆಂಡತಿಗೆ ಅರಿಷಿಣ-ಕುಂಕುಮ ಕೊಡಾಕ ಬಾಜೂ ಮನಿಯಾಕೀನ ಕರಸಿದ್ರು. ತಾವು ಅಡಗಿ ಮನಿ ಹೊಸ್ತಲದಾಗ ನಿಂತು ನೋಡಿದ್ರು. ನನಗ ಅವಾಗ ಏನೂ ಅನಸಲಿಲ್ಲ, ರೂಢಿ ಹಂಗ ಐತೆಲ್ಲ ಅಂತ ಚಹಾ ಕುಡದೆ.

ಅವರ ಹಿತ್ತಲದಾಗ ತಾಡಪತ್ರಿ ಹೊದ್ದುಕೊಂಡು ಒಂದು ಹಳೇ ಕಾರು ನಿಂತಿತ್ತು. ಹುಡುಗನ ಅಪ್ಪಂದು. ಬಣ್ಣ ಕೆಂಪು, ಒಣಗಿದ ಬ್ಯಾಡಗಿ ಮೆಣಸಿನಕಾಯಿ ಬಣ್ಣ. ಅವರು ಇದ್ದಾಗ ಹೆಂಡತೀನ ಮುಂದಿನ ಸೀಟಿನ್ಯಾಗ ಕುಂಡ್ರಿಸಿಕೊಂಡು ಡಂಬಳದ ಕೆರೀತನಕ ಹೋಗಿ, ದಂಡಿ ಮ್ಯಾಲ ಬುತ್ತಿ ಬಿಚ್ಚಿ ಉಂಡು ಬರತಿದ್ರಂತ. ಅವರು ಹೋಗಿಂದ ಆ ಗಾಡಿ ಯಾರೂ ತಗಿಲಿಲ್ಲ. ಬಣ್ಣ ಪದರ ಪದರ ಎದ್ದು ಒಳಗ ತುಕ್ಕು ತಿನ್ನಾಕತ್ತಿತ್ತು.

ಹುಡುಗ ಹಟಾ ಹಿಡದ. ಮದಿವಿಗೆ ಅಪ್ಪನ ಗಾಡ್ಯಾಗ ಬರಬೇಕು, ಮುಂದಿನ ಸೀಟಿನ್ಯಾಗ ಅವ್ವ ಕುಂಡ್ರಬೇಕು. ಮದಿವಿ ದಿಬ್ಬಣದ ಗಾಡ್ಯಾಗ ಮುಂದ ಗಂಡ ಇಲ್ಲದಾಕಿ ಕುಂಡ್ರೂದಂದ್ರ ಮಂದಿ ಬಾಯಿ ಸುಮ್ಮ ಇರತೈತೇನು? ಆಕಿ ಒಲ್ಲೆ ಒಲ್ಲೆ ಅಂದ್ರು. ಮಗ ಕಾಡಿ ಬೇಡಿ ಒಪ್ಪಿಸಿದ. ನಾನೂ ನನ್ನ ದೊಡ್ಡ ಬಾಯಿ ಹಾಕಿದೆ: "ಅಕ್ಕಾರ, ಗಾಡಿ ನನ್ನ ಕಡೆ ಕೊಡ್ರಿ. ಹೊಸಾದ್ಕಿಂತ ಹೊಸಾದು ಮಾಡಿ ಕೊಡ್ತೀನಿ. ಮುಂದ ನೀವ ಕುಂಡ್ರಬೇಕು, ಅದನ್ನ ನಾ ಕಣ್ಣಿಲೆ ನೋಡಬೇಕು." ಆಕಿ ಸೆರಗು ಬಾಯಿಗೆ ಹಿಡಕೊಂಡು ನಕ್ರು. ಆಮ್ಯಾಲ ಭಾಳ ಸಣ್ಣ ದನ್ಯಾಗ ಕೇಳಿದ್ರು, "ಮೊದಲಿನ ಬಣ್ಣಾನ ಬರತೈತೇನ್ರಿ ಅಣ್ಣಾರ? ಆ ಕೆಂಪು?"

"ಬರೂದೇನ್ರಿ, ಅದರಪ್ಪನಂಥಾ ಕೆಂಪು ಬರತೈತಿ!" ಅಂದೆ. ಮದಿವಿಗೆ ಆಕಿ ಆ ಕೆಂಪು ಗಾಡ್ಯಾಗ ಮುಂದ ಕುಂತು ಬರೂದು, ಅಷ್ಟ ನನ್ನ ತಲ್ಯಾಗ ಇದ್ದದ್ದು. ಗಾಡಿ ಜಗ್ಗಿಸಿಕೊಂಡು ಬೆಟಗೇರಿಗೆ ತಂದೆ.

ನಮ್ಮ ಶೆಡ್ಡಿನ್ಯಾಗ ಡೆಂಟಿಂಗ್ ಮಾಡಾವ ಒಬ್ಬ ಇದ್ದಾನ, ಹೊಂಬಳದಾವ, ನನ್ನ ವಾರಗೀಯವ. ಇಬ್ಬರೂ ಕೂಡಿ ಬಣ್ಣ ಬಿಡಸೂ ಎಣ್ಣಿ ಹಚ್ಚಿ ಹಳೇ ಪದರ ಎಲ್ಲಾ ಕೆರದ್ವಿ. ಆಂವ ತಗ್ಗು ಎತ್ತಿದ. ತಗಡು ಬೆಳ್ಳಿ ಭಾಂಡೆ ಹೊಳದಂಗ ಹೊಳೀತಿತ್ತು. ಬೋಳು ತಗಡಿಂದು ಒಂದು ಕಾನೂನು ಐತಿ: ತಿನ್ನರ್ ಅರಿವೀಲೆ ಒರಸಿಂದ ಬರೇಗೈ ಹಚ್ಚಂಗಿಲ್ಲ. ಕೈಯಾಗಿನ ಬೆವರು, ಜಿಡ್ಡು ತಗಡಿಗೆ ಹತ್ತತೈತಿ. ಅದರ ಮ್ಯಾಲ ಪ್ರೈಮರ್ ಹೊಡದ್ರ ಕಚ್ಚಿಗೊಳ್ಳೂದಿಲ್ಲ, ಒಂದಿಲ್ಲೊಂದು ದಿನ ಅಲ್ಲೇ ಎದ್ದು ಬರತೈತಿ. ಯಾರರ ಮುಟ್ಟಿದ್ರ ನಾ ಅವರಪ್ಪನ ಅಪ್ಪನ ತನಕಾ ಬೈತೀನಿ, ಗಿರಾಕಿ ಇರಲಿ ಯಾರ ಇರಲಿ.

ಅವತ್ತ ಇಡೀ ಗಾಡಿ ಒರಸಿ, ಪ್ರೈಮರ್ ಕಲಸಿ, ಬಣ್ಣ ಹೊಡಿಯೂ ಗನ್ನಿಗೆ ತುಂಬಿ ಇಟ್ಟಿದ್ದೆ. ಅಷ್ಟರಾಗ ಹುಡುಗ ಅವ್ವನ್ನ ಕರಕೊಂಡು ಬಂದ. ಗದಗಿಗೆ ಸೀರಿ ತಗೊಳ್ಳಾಕ ಬಂದಿದ್ರಂತ, ಗಾಡಿ ಹ್ಯಾಂಗ ಆಗೇತಿ ನೋಡಿ ಹೋಗೂಣು ಅಂತ ಇಳದಿದ್ರು. ಬಾಜೂ ಶೆಡ್ಡಿನ ಇಬ್ಬರು ಡ್ರೈವರ್‌ರೂ ಅಲ್ಲೇ ನಿಂತಿದ್ರು. ಹುಡುಗ ಬಂದಾವನ ನಮ್ಮ ಗಾಡಿ ಡ್ರೈವರ್ ಬಾಜೂ ಬಾಗಲಕ್ಕ ಕೈ ಊರಿ ನಿಂತು, ಆಚೆ ಬ್ಯಾರೆ ಗಾಡಿ ಬಡೀತಿದ್ದ ಡೆಂಟಿಂಗ್‌ನವನ ಜೋಡಿ ಮಾತಿಗೆ ಹತ್ತಿದ. ಆಗೂ ಅಳಿಯ, ಏನನ್ನೂದು? ನುಂಗಿಕೊಂಡೆ.

ಬೀಗತಿ ಗಾಡಿ ಸುತ್ತ ಒಂದು ಸುತ್ತು ಬಂದ್ರು. ಬಾನೆಟ್ ಮುಂದ ನಿಂತು ಬಗ್ಗಿ ನೋಡಿದ್ರು. ಅವರ ಮುಖ ಅದರಾಗ ಮಸುಕು ಮಸುಕಾಗಿ ಕಾಣಸತಿತ್ತು. ಕೈ ಸೆರಗಿಗೆ ಒರಸಿಕೊಂಡು ಕೇಳಿದ್ರು, "ಮುಟ್ಟಲೇನ್ರಿ?"

ಅಷ್ಟು ಹೆದರಿ ಕೇಳಿದ್ರ ಯಾರು ಬ್ಯಾಡ ಅಂತಾರ? "ಮುಟ್ಟ್ರಿ ಅಕ್ಕಾರ, ನಿಮ್ಮ ಗಾಡೀನ ಅಲ್ಲೇನ್ರಿ" ಅಂದೆ. ಆಕಿ ಅಂಗೈ ಇಟ್ಟು ಮೆಲ್ಲಕ ಸವರಿದ್ರು. ಕಣ್ಣಾಗ ಖುಷಿ ಇತ್ತು, ನಾ ಅದನ್ನ ನೋಡೀನಿ, ಸುಳ್ಳಲ್ಲ. "ಇದರ ಹೊಟ್ಟ್ಯಾಗ ಇಷ್ಟು ಹೊಳಪು ಇತ್ತೇನ್ರಿ! ಹಿಂಗ ಬಿಟ್ರೂ ಛಂದ ಕಾಣತೈತೆಲ್ಲ" ಅಂದ್ರು.

ಅದಕ್ಕ ನಾ, ಶೆಡ್ಡಿನ ದನ್ಯಾಗ, ಎಲ್ಲಾರಿಗೂ ಕೇಳೂ ಹಂಗ ಅಂದೆ: "ಅಯ್ಯ, ಹಂಗ ಬಿಡಾಕ ಬರಂಗಿಲ್ರಿ ಅಕ್ಕಾರ. ಇದು ಈಗ ಬೋಳು. ಬೋಳು ನೋಡಾಕ ಛಂದ ಕಾಣತೈತಿ ಖರೆ, ಆದ್ರ ಹಂಗ ಬಿಟ್ರ ಕೆಡತೈತಿ. ಜಲ್ದಿ ಮುಚ್ಚಿಬಿಡಬೇಕು."

ಅಂದೆ. ಅಂದು ಮುಗಿಯೂದರಾಗ ನನ್ನ ಕಿವಿಗೆ ನನ್ನ ಮಾತು ಕೇಳಿತು. ಎದುರಿಗೆ ಯಾರು ನಿಂತಾರ ಅನ್ನೂದು ಕಂಡಿತು. ಯಪ್ಪಾ! ಕಚಕ್ಕನ ನಾಲಿಗಿ ಕಚ್ಚಿಗೊಂಡೆ, ಕೈ ಬಾಯಿ ಮ್ಯಾಲ ಇಟ್ಟುಕೊಂಡೆ, "ಛೇ ಛೇ ಛೇ, ಹಂಗಲ್ರಿ ಅಕ್ಕಾರ" ಅಂದೆ. ಡೆಂಟಿಂಗ್‌ನವನ ಸುತ್ತಗಿ ನಿಂತಿತು. ಡ್ರೈವರ್ ಒಬ್ಬ ಕೆಮ್ಮಿದ. ಹುಡುಗ ಅವ್ವನ ಮುಖ ನೋಡಿದ. ಏನು ಮಾಡಬೇಕು ತಿಳಿಲಿಲ್ಲ ನನಗ. ಕೈಗೆ ಹತ್ತಿದ ತಿನ್ನರ್ ಅರಿವಿ ತಗೊಂಡು ಬಾನೆಟ್ ಒರಸಾಕ ಹತ್ತಿದೆ, ಏನೋ ಭಾಳ ಅವಸರದ ಕೆಲಸ ಇದ್ದಾವರ ಹಂಗ. ಆಕಿ ಕೈ ಸೆರಗಿನ್ಯಾಗ ಸೇರಿಸಿಕೊಂಡು, "ಬರತೀವ್ರಿ ಅಣ್ಣಾರ, ಬಸ್ಸಿನ ಹೊತ್ತಾತು" ಅಂದ್ರು. ಚಹಾ ತರಸ್ತೀನಿ ಅಂದೆ. ನಿಲ್ಲಲಿಲ್ಲ.

ಅವರು ಹೋದಿಂದ ಗನ್ ಹಿಡದೆ. ಮುಖ ಎಲ್ಲಿಡಬೇಕು ತಿಳೀದ ಸೀದಾ ಪ್ರೈಮರ್ ಹೊಡದೆ. ಬೂದಿ ಬಣ್ಣದ ಪ್ರೈಮರ್ ಮುಂದಿನಿಂದ ಹಿಂದಿನ ತನಕಾ ಮುಚ್ಚಿಗೊಂತ ಹೋತು. ನನ್ನ ಕಿವಿ ಮಾತ್ರ ಕಾದು ಉರೀತಿದ್ದುವು.

ಮನಿಗೆ ಹೋಗಿ ಹೆಂಡತಿಗೆ ಹೇಳಿದೆ. ಆಕಿ ಹಣಿ ಹಣಿ ಬಡಕೊಂಡ್ಲು. "ನಿಮ್ಮ ಬಾಯಿಗೆ ಬೀಗಾ ಜಡಿಲಿ! ಆ ಹೆಣಮಗಳ ಮುಂದ ಆ ಮಾತೇನ್ರಿ? ನಾಳೆ ನಮ್ಮ ಹುಡುಗಿ ಆ ಮನ್ಯಾಗ ಬಾಳ್ವೆ ಮಾಡೂದು ಬ್ಯಾಡೇನು?" ಮಗಳು ಒಳಗಿಂದ ಬಂದು ನನ್ನ ಒಮ್ಮೆ ನೋಡಿ ಒಳಗ ಹೋದ್ಲು. ಬೈದಿದ್ರ ಪಾಡಿತ್ತು.

ಮರುದಿನ ಹುಡುಗನ ಫೋನ್ ಬಂತು. "ಮಾಮಾ, ಅವ್ವ ಬಿಳೀ ಬಣ್ಣ ಹಚ್ಚಾಕ ಹೇಳ್ಯಾಳ್ರಿ." "ಮತ್ತ ಮುಂದ ಕುಂಡ್ರೂದು?" ಅಂತ ಕೇಳಿದೆ. "ಒಲ್ಲೆ ಅಂತಾಳ್ರಿ. ನನ್ನ ಮಾತ ಕೇಳವಲ್ಲಳು" ಅಂದ.

ಬಣ್ಣಕ್ಕ ಇನ್ನೂ ಟೈಮಿತ್ತು. ಪ್ರೈಮರ್ ಒಣಗಿತ್ತು, ತಿಕ್ಕೂದು ಉಳಿದಿತ್ತು. ಈ ಕೆಲಸ ಯಾವಾಗಲೂ ಇಬ್ಬರೂ ಹಂಚಿಕೊಂಡು ಮಾಡ್ತಿದ್ವಿ. ಅವತ್ತು ನಾ ಯಾರಿಗೂ ಕೊಡಲಿಲ್ಲ. ಮೊದಲು ಬೂದಿ ಪ್ರೈಮರ್ ಮ್ಯಾಲ ತೆಳ್ಳಗ ಕರೀ ಬಣ್ಣ ಉದುರಿಸಬೇಕು, ಗಡಿಗಿಗೆ ಮಸಿ ಹತ್ತಿದಂಗ. ಆಮ್ಯಾಲ ಕಟಗಿ ತುಂಡಿಗೆ ಪಾಲಿಶ್ ಪೇಪರ್ ಸುತ್ತಿ, ನೀರ ಹಾಕ್ಕೊಂತ ಅಡ್ಡಡ್ಡ ತಿಕ್ಕಬೇಕು. ಬರೇ ಬೆರಳಿಲೆ ತಿಕ್ಕಿದ್ರ ಬೆರಳಿನ ಗೆರಿ ಬೀಳತಾವು. ಕಟಗಿ ಇದ್ರ ಸಪಾಟ ಆಗತೈತಿ. ಉಬ್ಬಿದ್ದಲ್ಲಿ ಕರಿ ಮೊದಲು ಹೋಗತೈತಿ, ತಗ್ಗಿದ್ದಲ್ಲಿ ಕರಿ ಉಳೀತೈತಿ. ಕಣ್ಣಿಗೆ ಕಾಣದ್ದೆಲ್ಲಾ ಅಲ್ಲಿ ಕಾಣತೈತಿ. ನಾ ತಲಿ ತಗ್ಗಿಸಿ ತಿಕ್ಕಿದೆ, ಭುಜ ಸೋಲೂತನಕಾ ತಿಕ್ಕಿದೆ. ಒಂದು ಕಡೆ ಅಂಚಿನ್ಯಾಗ ಪ್ರೈಮರ್ ಸವದು ತಗಡು ಕಂಡಿತು. ಡೆಂಟಿಂಗ್‌ನವ ರೂಢಿ ಮ್ಯಾಲ, "ಅಲ್ಲೆ ಬೋ..." ಅಂದು, ನನ್ನ ಮುಖ ನೋಡಿ, "ಅಲ್ಲೆ ಅದಾಗೇತಿ ನೋಡು" ಅಂದ. ನಗೂ ಮಾತು ಅದು. ಇಬ್ಬರಿಗೂ ನಗಿ ಬರಲಿಲ್ಲ.

ಬಾನೆಟ್ ಕನ್ನಡಿ ಹಂಗ ಬಂತು. ಛತ್ತೂ ಹಂಗ ಬಂತು. ಡ್ರೈವರ್ ಬಾಜೂ ಬಾಗಲಕ್ಕ ಬಂದೆ ನೋಡ್ರಿ, ಪೇಪರ್ ಕೆಳಗ ಪ್ರೈಮರ್ ಗುಳ್ಳಿ ಗುಳ್ಳಿ ಎದ್ದು ಸುಲದು ಬಂತು. ಅಂಗೈ ಅಗಲ ಜಾಗಾ. ತಲಿ ಕೆಟ್ಟಿತು. ಡೆಂಟಿಂಗ್‌ನವನ ಮ್ಯಾಲ ಹರಿಹಾಯ್ದೆ. "ನಿನ್ನ ಎಣ್ಣಿಗೈ ಇಲ್ಲೆ ಯಾಕ ಇಟ್ಟಿಲೇ? ಕೈ ಕಡದ ಬಿಡ್ತೀನಿ!" ಆಂವ, "ನಾ ಅಲ್ಲೆ ಬಂದ ಇಲ್ಲೋ ಮಾರಾಯಾ" ಅಂದ. ನಾ ನಂಬಲಿಲ್ಲ. ಅಷ್ಟು ಜಾಗಾ ಮತ್ತ ತಗಡಿನ ತನಕಾ ತಿಕ್ಕಿ, ತಿನ್ನರಿಲೆ ಒರಸಿ, ಮತ್ತ ಪ್ರೈಮರ್ ಕೊಟ್ಟೆ.

ಬಿಳೀ ಬಣ್ಣ ತರಾಕ ಗದಗಿನ ಬಣ್ಣದ ಅಂಗಡಿ ಬಾಗಲಕ್ಕ ಹೋದಾವ ಒಳಗ ಹೋಗಲಿಲ್ಲ. ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಲಕ್ಷ್ಮೇಶ್ವರದ ಬಸ್ ಹತ್ತಿದೆ. ಮುಳಗುಂದ ದಾಟೂತನಕಾ ಏನೇನು ಅನ್ನಬೇಕು ಅಂತ ಮನಸಿನ್ಯಾಗ ಜೋಡಿಸಿಕೊಂಡೆ. ಕಾಲಿಗೆ ಬೀಳತೀನಿ, ಬಾಯಿ ತಪ್ಪಿ ಬಂತು ಅಂತೀನಿ, ಕೆಂಪು ಬಣ್ಣಕ್ಕ ಒಪ್ಪಿಸೇ ಬರತೀನಿ. ನನ್ನ ತಲ್ಯಾಗ ಎಲ್ಲಾ ಸಲೀಸಿತ್ತು.

ಬೀಗತಿ ಕಟ್ಟಿ ಮ್ಯಾಲ ಕುಂತು ಶೇಂಗಾ ಒಡೀತಿದ್ರು. ಹುಡುಗ ಅಂಗಡಿಗೆ ಹೋಗಿದ್ದ. "ಬರ್ರಿ ಅಣ್ಣಾರ, ಕುಂಡ್ರಿ" ಅಂತ ನೀರು ಕೊಟ್ರು, ಚಹಾ ಮಾಡಿದ್ರು. ನಾ ಚಹಾ ಮುಟ್ಟದ ಶುರು ಮಾಡಿದೆ. "ಅಕ್ಕಾರ, ಅವತ್ತ ನನ್ನ ಬಾಯಾಗ ಆ ಮಾತು ಬರಬಾರದಿತ್ತು. ನಮ್ಮ ಕಸಬಿನ್ಯಾಗ ತಗಡಿಗೆ ಹಂಗ ಅಂತೀವಿ. ನಿಮಗ ಅಂದದ್ದಲ್ರಿ, ದೇವರಾಣಿ..."

"ಅದು ನನಗ ಗೊತ್ತೈತ್ರಿ" ಅಂದ್ರು ಆಕಿ. ಶೇಂಗಾ ಒಡಿಯೂದು ಬಿಡಲಿಲ್ಲ. "ಗುಡ್ಡಕ್ಕೂ ಬೋಳು ಅಂತೀವಿ, ಗಿಡಕ್ಕೂ ಬೋಳು ಅಂತೀವಿ. ನೀವು ಅಂದಾಗ ನಾ ಗಾಡಿ ನೋಡಾಕತ್ತಿದ್ದೆ. ಎಲ್ಲಾರೂ ಗಾಡೀನ ನೋಡಾಕತ್ತಿದ್ರು. ನೀವು ನಾಲಿಗಿ ಕಚ್ಚಿದ್ರಲ್ಲ, ಅವಾಗ ಎಲ್ಲಾರೂ ಗಾಡಿ ಬಿಟ್ಟು ನನ್ನ ನೋಡಿದ್ರು."

ಆಕಿ ಸಿಟ್ಟಿಲೆ ಅನ್ನಲಿಲ್ಲ. ಅಡಗಿಗೆ ಉಪ್ಪು ಕಮ್ಮಿ ಆಗೇತಿ ಅನ್ನೂ ಹಂಗ ಅಂದ್ರು.

"ಆಮ್ಯಾಲ ನಾ ಮುಟ್ಟಿದ ಜಾಗಾ ಒರಸಿದ್ರಿ" ಅಂದ್ರು.

ಇದಕ್ಕ ನನ್ನ ಕಡೆ ಉತ್ತರ ಇತ್ತು. ಜೀವ ಬಂದಂಗ ಆತು. "ಅಯ್ಯೋ ಅಕ್ಕಾರ, ಅದು ನೀವು ಮುಟ್ಟಿದ್ರಂತ ಅಲ್ರಿ! ಯಾರ ಕೈ ಹತ್ತಿದ್ರೂ ಒರಸಬೇಕ್ರಿ. ಬೆವರ ಹತ್ತಿದ್ರ ಪ್ರೈಮರ್ ಹಿಡಿಯೂದಿಲ್ಲ. ನಮ್ಮ ಕೆಲಸದ ಪದ್ಧತಿ ಅದು. ಯಾರ ಕೈ ಇದ್ರೂ ಅಷ್ಟ!"

"ಹೌದೇನ್ರಿ?" ಅಂದ್ರು. ಕೈಯಾಗಿನ ಕಾಯಿ ಕೆಳಗ ಇಟ್ಟು ಮೊದಲ ಸಲ ನನ್ನ ಮುಖ ನೋಡಿದ್ರು. "ನಮ್ಮ ಹುಡುಗನೂ ಬಾಗಲದ ಮ್ಯಾಲ ಕೈ ಇಟ್ಟು ನಿಂತಿದ್ದ. ಅದನ್ನ ಒರಸಲಿಲ್ಲರಿ ನೀವು."

ಡ್ರೈವರ್ ಬಾಜೂ ಬಾಗಲಾ. ಅಂಗೈ ಅಗಲ ಜಾಗಾ. ಡೆಂಟಿಂಗ್‌ನವನ ಕೈ ಅಲ್ಲ ಅದು, ಹುಡುಗಂದು. ಒರಸಿದ್ರ ಪ್ರೈಮರ್ ಏಳತಿರಲಿಲ್ಲ. ಒರಸಲಿಲ್ಲ ನಾ. ಇಡೀ ಗಾಡ್ಯಾಗ ಒಂದ ಒಂದು ಕೈ ಒರಸಿದೆ, ಗಂಡ ಇಲ್ಲದಾಕೀದು. ಗಾಬರಿಗೆ ಒರಸಿದ್ನೋ, ಕಸಬಿಗೆ ಒರಸಿದ್ನೋ, ಸಣ್ಣಾಂವಿದ್ದಾಗಿಂದ ನಮ್ಮ ಮನ್ಯಾಗ ಅಂಥಾವರನ್ನ ದೂರ ಇಡೂದು ನೋಡಿಕೊಂತ ಬಂದದ್ದು ಕೈಯಾಗ ಕುಂತಿತ್ತೋ, ಇವತ್ತಿಗೂ ನನಗ ಗೊತ್ತಾಗವಲ್ಲದು. ಕಸಬಿಗೆ ಅಂತ ಎದಿ ತಟ್ಟಿ ಹೇಳಾಕ ಬರತಿದ್ರ ಎಷ್ಟು ಛಲೋ ಇತ್ತು. ಬಾಗಲಾ ಹೇಳಾಕ ಬಿಡೂದಿಲ್ಲ. ನನಗ ಅಲ್ಲೇ ಆ ಕಟ್ಟಿ ಮ್ಯಾಲ ಇರಬಾರದು ಅನಸಿತು, ಅಷ್ಟು ನಾಚಿಕಿ ಆತು. ನಲವತ್ತು ಮಂದಿ ಮುಂದ ಬೈಸಿಕೊಂಡ್ರೂ ಹಂಗ ಆಗೂದಿಲ್ಲ.

ಆದ್ರೂ ನನ್ನ ಹಾಳ ಬಾಯಿ ಸುಮ್ಮ ಇರಲಿಲ್ಲ. "ಅಕ್ಕಾರ, ಕೆಂಪ ಹಚ್ಚತೀನ್ರಿ. ನೀವು ಮುಂದ ಕುಂಡ್ರಬೇಕು. ನನ್ನ ಮಾತಿಗೆ ಅದನ್ನ ಬಿಡಬ್ಯಾಡ್ರಿ."

"ಬಿಳೀದ ಇರಲಿ ಅಣ್ಣಾರ" ಅಂದ್ರು. "ನಮ್ಮವರ ಗಾಡಿ ಕೆಂಪಿತ್ತು, ಅದಕ್ಕ ಕೇಳಿದ್ದೆ. ಅವಾಗ ನಾ ಗಂಡ ಇಲ್ಲದಾಕಿ ಅನ್ನೂದ ನನಗ ನೆನಪ ಇರಲಿಲ್ಲ. ಈಗ ಕೆಂಪು ಗಾಡ್ಯಾಗ ಕುಂತ್ರ ದಾರೀತುಂಬ ಅದ ನೆನಪ ಇರತೈತಿ. ಚಹಾ ಆರಾಕತ್ತೈತಿ, ಕುಡೀರಿ."

ಕುಡದೆ. ಏನು ಕುಡದೆ ಅನ್ನೂದು ಗೊತ್ತಾಗಲಿಲ್ಲ. ಬರೂವಾಗ ಸುಲಿದ ಶೇಂಗಾ ಒಂದು ಚೀಲದಾಗ ಹಾಕಿ ಕೊಟ್ರು, ಮಗಳಿಗೆ ಅಂತ.

ಬಿಳೀ ಬಣ್ಣ ಹಚ್ಚಿದೆ. ನನ್ನ ಕೈಲೆ ಅಂಥಾ ಕೆಲಸ ಮೊದಲೂ ಆಗಿರಲಿಲ್ಲ, ಆಮ್ಯಾಲೂ ಆಗಿಲ್ಲ. ಡೆಂಟಿಂಗ್‌ನವನಿಗೆ ತಪ್ಪಾತೋ ಅಂದೆ, ಬಾಗಲದ ಸಂಗತಿ ಹೇಳಿದೆ. ಆಂವ ಬೀಡಿ ಹಚ್ಚಿಗೊಂಡು, "ಹೋಗಲಿ ಬಿಡೋ" ಅಂದ. ಅದ ಅವನ ದೊಡ್ಡತನ. ನಾ ಮಾತ್ರ ಆ ಬಣ್ಣ ಹೊಳದಷ್ಟೂ ಕುಗ್ಗಿದೆ.

ಮದಿವಿ ಬೆಟಗೇರಿಯೊಳಗ. ಗಂಡಿನವರು ಊರ ಮುಂದಿನ ಗುಡಿ ಹಂತ್ಯಾಕ ಬಂದು ಇಳಿಯೂದು, ನಾವು ಬಾಜಾ ಬಜಂತ್ರಿ ತಗೊಂಡು ಎದುರುಗೊಳ್ಳಾಕ ಹೋಗೂದು, ಅಲ್ಲಿಂದ ಮೆರವಣಿಗಿ ಕಟ್ಟಿಕೊಂಡು ಕಲ್ಯಾಣ ಮಂಟಪಕ್ಕ ಬರೂದು. ಬಿಳೀ ಗಾಡಿ ಬಂತು. ಹುಡುಗ ತಾನ ನಡಿಸಿಕೊಂಡು ಬಂದಿದ್ದ. ಹಿಂದಿನ ಸೀಟಿನ್ಯಾಗ ಅವನ ಸ್ವಾದರತ್ತಿ, ಚಿಗವ್ವ, ಸಣ್ಣ ಹುಡುಗ್ರು ಒಬ್ಬರ ಮ್ಯಾಲ ಒಬ್ಬರು ಕುಂತಿದ್ರು. ಮುಂದಿನ ಸೀಟು ಖಾಲಿ. ಬೀಗತಿ ಹಿಂದ ಬಂದ ಟೆಂಪೋದಾಗಿಂದ ಅಡಗಿ ಭಾಂಡೆ ಹಿಡಕೊಂಡ ಹೆಣ್ಣಮಕ್ಕಳ ಜೋಡಿ ಇಳದ್ರು. ನಮ್ಮ ಕಡೆ ನೋಡಿ ನಕ್ರು, ಗುಂಪಿನ ಹಿಂದ ಹೋಗಿ ನಿಂತ್ರು.

ಮಂದಿ ಗಾಡಿ ಸುತ್ತ ಮುಕರಿದ್ರು. "ಏನ್ ಬಣ್ಣರೀ ಇದು! ಹಾಲು ಸುರದಂಗ ಐತಿ!" ಅಂತ ಒಬ್ಬ. "ಬೀಗರ ಕೈದಂತ!" ಅಂತ ಇನ್ನೊಬ್ಬ. ಗಂಡಿನ ಕಡೆ ಒಬ್ಬ ಹಿರಿಯಾ, ಭಾಳ ನಗಸೂ ಮನಶ್ಯಾ, ನನ್ನ ರಟ್ಟಿ ಹಿಡದ. "ಬೀಗರ, ಇಷ್ಟು ಛಲೋ ಮಾಡೀರಿ, ಮುಂದ ಸೀಟು ಖಾಲಿ ಐತಿ, ನೀವ ಕುಂಡ್ರಬೇಕು. ಮಂಟಪದ ತನಕಾ ನಿಮ್ಮನ್ನ ಮೆರಸ್ತೀವಿ!" ಬ್ಯಾಡ್ರಿ ಅಂದೆ. ಕೈ ಮುಗದೆ. ನಾ ಮುಗಿದಷ್ಟೂ ಅವರಿಗೆ ಚಷ್ಟಿ ಜಾಸ್ತಿ ಆತು. ನಾಕು ಮಂದಿ ನಕ್ಕೊಂತ ಎತ್ತಿ ನನ್ನ ಒಳಗ ತುರುಕಿ ಬಾಗಲಾ ಹಾಕಿಬಿಟ್ರು. ಬಾಜಾ ಶುರು ಆತು.

ಹುಡುಗ ಸ್ಟೇರಿಂಗ್ ಮ್ಯಾಲ ಕೈ ಇಟ್ಟುಕೊಂಡು ಮುಂದ ನೋಡಾಕತ್ತಿದ್ದ. ನಾ ಮೆಲ್ಲಕ, "ತಮ್ಮಾ, ನಾ ಇಳೀತೀನಪಾ. ಇದು ಅವ್ವನ ಜಾಗಾ" ಅಂದೆ.

ಹುಡುಗ ನನ್ನ ಕಡೆ ಹೊಳ್ಳಲಿಲ್ಲ. "ಕುಂಡ್ರಿ ಮಾಮಾ" ಅಂದ. "ಈಗ ನೀವು ಇಳದ್ರ ಮತ್ತ ಎಲ್ಲಾರೂ ಅವ್ವನ್ನ ನೋಡ್ತಾರ."

ನಾ ಕುಂತೆ. ಮಂಟಪದ ತನಕಾ ಕುಂತೆ.